ಸುವರ್ಣಕಮಲದ ಐದು ಚಲಚ್ಚಿತ್ರಗಳು

ನಮ್ಮ ಸಂಘದ ಈ ಮಾಸಪತ್ರಿಕೆಯಲ್ಲಿ ಕಾವ್ಯನಾಟಕಾದಿಗಳ ಗುಣದೋಷವಿಚಾರವು ನಡೆಯುತ್ತ ಬಂದಿರುವುದನ್ನು ವಾಚಕಮಹಾಶಯರು ಬಲ್ಲರು. ಈ ಸಲ ಚಲಚ್ಚಿತ್ರಗಳ ವಿಷಯವಾಗಿ ಬರೆಯಲು ಹೊರಟಿರುವೆನು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠಮಾಡಿ, ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ವಿಭಕ್ತಿಪ್ರತ್ಯಯಗಳನ್ನು ಹೇಳಿಕೊಟ್ಟು, ಈಗ ಮನೆಯ ಜಗುಲಿಯಲ್ಲಿ ಕುಳಿತಿರುವವನಿಗೆ ಸಿನೆಮಾದ ಗೊಡವೆಯೇಕೆಂದು ಕೆಲವರು ಕೇಳಬಹುದು. ಅದಕ್ಕೆ ನನ್ನ ಸಮಾಧಾನವು ಇಷ್ಟೆ: ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಭಾಗಿಸಿದರು, ಚಲಚ್ಚಿತ್ರವು ದೃಶ್ಯಕಾವ್ಯದ ಮನೆಯಲ್ಲಿ ತಡವಾಗಿ ಹುಟ್ಟಿದ ಕೂಸು. ಭರತಮುನಿಯು ಹೇಳಿದ ನಾಲ್ಕು ವಿಧದ ಅಭಿನಯಗಳಲ್ಲಿ ಸಾತ್ತ್ವಿಕವು, ಎಂದರೆ ಕಣ್ಣೀರು, ನಡುಕ, ಮುಖದ ಬಣ್ಣಗೆಡುವಿಕೆ ಮೊದಲಾದುದು, ರಂಗಸ್ಥಳದಲ್ಲಿ ಮುಂದಿನ ಎರಡು ಸಾಲಿನವರಿಗೆ ಮಾತ್ರ ಕಾಣುತ್ತಿದ್ದಿತು. ಛಾಯಾಗ್ರಾಹಕಯಂತ್ರವು ಅದನ್ನು ಕಟ್ಟಕಡೆಯ ಬೆಂಚಿನವನಿಗೂ ತಂದು ತೋರಿಸಿತು. ಇಂತಹ ಸಾಧನವನ್ನು ವಿಮರ್ಶೆಯ ಹೊರಗಿಡುವುದು ನ್ಯಾಯವಲ್ಲ.

ಭಾರತ ಸರ್ಕಾರವು ಚಲಚ್ಚಿತ್ರಗಳಿಗೆ ಪ್ರಶಸ್ತಿಯನ್ನು ಕೊಡುವ ಪದ್ಧತಿಯು 1953ರ ಚಿತ್ರಗಳಿಂದ ಆರಂಭವಾಯಿತು. ಮೊದಲ ವರ್ಷದ ಸುವರ್ಣಪದಕವು ಮರಾಠಿಯ 'ಶ್ಯಾಮಚಿ ಆಯಿ'ಗೆ ಸಂದಿತು. 1955ರ ಪದಕವು ಬಂಗಾಳಿಯ 'ಪಥೇರ್ ಪಾಂಚಾಲಿ'ಗೆ. ಮುಂದೆ ಆ ಪದಕಕ್ಕೆ ಸ್ವರ್ಣಕಮಲವೆಂಬ ಹೆಸರು ಬಂದಿತು. ಕನ್ನಡವು ಈ ಪರಮಪ್ರಶಸ್ತಿಯನ್ನು ಇದುವರೆಗೆ ಆರು ಸಲ ಪಡೆದಿರುವುದು: 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977), 'ತಬರನ ಕಥೆ' (1986), 'ತಾಯಿಸಾಹೇಬ' (1997), 'ದ್ವೀಪ' (2001). ಇವುಗಳಲ್ಲಿ ಕಡೆಯ ನಾಲ್ಕೂ ಶ್ರೀ ಗಿರೀಶ ಕಾಸರವಳ್ಳಿಯವರ ನಿರ್ದೇಶನದವು. ಕನ್ನಡಿಗರಾದ ಜಿ. ವಿ. ಅಯ್ಯರ್ ಅವರು ಸಂಸ್ಕೃತದಲ್ಲಿ ತೆಗೆದ 'ಆದಿ ಶಂಕರಾಚಾರ್ಯ'ಕ್ಕೂ 1983ರಲ್ಲಿ ಇದೇ ಪ್ರಶಸ್ತಿಯು ಸಂದಿತು.

ಪ್ರಶಸ್ತಿಯಿಂದ ಗುಣವು ಹುಟ್ಟುವುದಿಲ್ಲ. ಚಿನ್ನದ ಹರಿವಾಣದಲ್ಲಿಟ್ಟರೂ ಹಳಸಿದ ಅನ್ನವು ಹಳಸಿದ್ದೇ. ಆದರೆ ಮೇಲಿನ ಪಟ್ಟಿಯಲ್ಲಿ ನನ್ನ ಮನಸ್ಸಿಗೆ ಬಹುಕಾಲದಿಂದ ಹಿಡಿಸಿರುವ ಐದು ಚಿತ್ರಗಳುಂಟು. ಅವನ್ನು ನಾನು ಏಕೆ ಮೆಚ್ಚಿರುವೆನೆಂಬುದನ್ನೂ, ಅವುಗಳಲ್ಲಿ ನನಗೆ ಕಂಡ ಕೊರತೆಗಳೇನೆಂಬುದನ್ನೂ ಐದನೆಯದರಿಂದ ಮೊದಲನೆಯದಕ್ಕೆ ಏರುವ ಕ್ರಮದಲ್ಲಿ ನಿರೂಪಿಸುವೆನು. ಮೆಚ್ಚಿಕೆಯೆಂಬುದು ಬೇರೆ, ವಿಮರ್ಶೆಯೆಂಬುದು ಬೇರೆ ಎಂಬ ಆಕ್ಷೇಪವೊಂದುಂಟು. ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಕೊಡಲು ಯತ್ನಿಸುವೆನು.

ಸಂಸ್ಕೃತವನ್ನು ಓದಿದವನಾದುದರಿಂದ ನಾನು 'ಆದಿ ಶಂಕರಾಚಾರ್ಯ'ಕ್ಕೆ ಅಗ್ರಪೂಜೆಯನ್ನು ಮಾಡುವೆನೆಂದು ಮಿತ್ರರು ಎಣಿಸಿದ್ದರು. ಆ ಚಿತ್ರವನ್ನು ಮೊದಲು ನೋಡಿದಾಗ ನನಗಾದ ಸಂತೋಷವು ಹೇಳತೀರದು. ದೇವಭಾಷೆಯು ಪರದೆಯ ಮೇಲೆ ಹಳ್ಳಿಯ ಹುಡುಗನ ಬಾಯಿಂದ ಸಹಜವಾಗಿ ಬರುವುದನ್ನು ಕೇಳಿ, ಪರೀಕ್ಷೆಗೆಂದು ಓದಿದ ಮಾತಿಗೆ ಜೀವ ಬಂದಿತೆಂದು ಹಿಗ್ಗಿದೆನು. ಸರ್ವದಮನ ಬ್ಯಾನರ್ಜಿಯವರ ಶಾಂತವಾದ ಮುಖ, ಮಧು ಅಂಬಟರ ಛಾಯಾಗ್ರಹಣ, ಬಾಲಮುರಳೀಕೃಷ್ಣರ ಸಂಗೀತ, ಇವು ಒಂದಕ್ಕೊಂದು ಹೊಂದಿಕೊಂಡು ಹೋಗುವುವು. ಮೃತ್ಯುವೂ ಪ್ರಜ್ಞಾನವೂ ಮನುಷ್ಯರೂಪದಲ್ಲಿ ಆಚಾರ್ಯರ ಜೊತೆಗಾರರಾಗಿ ನಡೆಯುವಂತೆ ಮಾಡಿದ ಕಲ್ಪನೆಯು ಅಯ್ಯರ್ ಅವರ ಪ್ರತಿಭೆಗೆ ಸಾಕ್ಷಿ. ಆದರೂ ಇದಕ್ಕೆ ಐದನೆಯ ಸ್ಥಾನವನ್ನೇ ಕೊಡುವೆನು. ಕಾರಣವೇನೆಂದರೆ, ಇಲ್ಲಿ ಮೃತ್ಯುವು ಮಿತ್ರನು. ನೋಡುವವನ ಮನಸ್ಸಿಗೆ ಶಾಂತಿಯು ಸುಲಭವಾಗಿ ಕೈಗೂಡುವುದು. ಉಳಿದ ನಾಲ್ಕು ಚಿತ್ರಗಳಲ್ಲಿ ಮೃತ್ಯುವು ಯಾರಿಗೂ ಮಿತ್ರನಲ್ಲ; ಅವನು ಬಾಗಿಲಲ್ಲಿ ನಿಂತು ಲೆಕ್ಕವನ್ನು ಕೇಳುವನು.

ಆ ನಾಲ್ಕನ್ನೂ ಒಟ್ಟಿಗೆ ನೆನೆದಾಗ ನನಗೆ ಹೊಳೆಯುವ ಒಂದು ಸಾಮ್ಯವನ್ನು ಇಲ್ಲಿಯೇ ಹೇಳಿಬಿಡುವೆನು. ನಾಲ್ಕರಲ್ಲಿಯೂ ಒಂದು ಜೀವವೋ ಒಂದು ಶವವೋ ಮನುಷ್ಯರ ಸಹಾಯಕ್ಕಾಗಿ ಕಾದಿರುವುದು. ಸಹಾಯ ಮಾಡಬೇಕಾದವರು ಆ ಹೊತ್ತಿನಲ್ಲಿ ನಿಯಮವನ್ನು ಹುಡುಕುತ್ತಿರುವರು. ನಿಯಮವು ಒಂದು ಕಡೆ ತಾಳೆಯ ಗರಿಯಲ್ಲಿರುವುದು, ಒಂದು ಕಡೆ ಕುಲಾಚಾರದಲ್ಲಿ, ಮತ್ತೊಂದು ಕಡೆ ಕಚೇರಿಯ ಕಡತದಲ್ಲಿ. ಅದು ಸಿಕ್ಕುವಷ್ಟರಲ್ಲಿ ಕಾಲವು ಮೀರಿರುವುದು.

ನಾಲ್ಕನೆಯ ಸ್ಥಾನವು 'ಸಂಸ್ಕಾರ'ಕ್ಕೆ. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರವನ್ನಾಗಿ ಮಾಡಿದರು. ಚಿತ್ರಕಥೆಯನ್ನು ಬರೆದು ಪ್ರಾಣೇಶಾಚಾರ್ಯನ ಪಾತ್ರವನ್ನು ವಹಿಸಿದವರು ಗಿರೀಶ ಕಾರ್ನಾಡರು. ಆಚಾರವನ್ನು ಬಿಟ್ಟು ಚಂದ್ರಿಯೊಡನೆ ಬಾಳಿದ ನಾರಣಪ್ಪನು ಸತ್ತುಬಿದ್ದಿರುವನು. ಶವವು ಎದ್ದ ಹೊರತು ಅಗ್ರಹಾರದವರಿಗೆ ಅನ್ನವಿಲ್ಲ. ಸಂಸ್ಕಾರವನ್ನು ಮಾಡಲು ಯಾರಿಗೂ ಇಷ್ಟವಿಲ್ಲ. ಚಂದ್ರಿಯು ಒಡವೆಗಳನ್ನು ಮುಂದಿಟ್ಟಾಗ ಮಾತ್ರ ಎಲ್ಲರಿಗೂ ಇಷ್ಟವು ಮೂಡುವುದು. ಪ್ರಾಣೇಶಾಚಾರ್ಯನು ಗ್ರಂಥಗಳನ್ನು ತಿರುವಿಹಾಕಿ ಉತ್ತರವನ್ನು ಕಾಣದೆ ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುವನು. ಕೊನೆಗೆ ಗ್ರಂಥವನ್ನೇ ಅರಿಯದ ಚಂದ್ರಿಯು ಒಬ್ಬ ಮುಸಲ್ಮಾನನ ಸಹಾಯದಿಂದ ರಾತ್ರಿಯಲ್ಲಿ ಶವವನ್ನು ದಹನಮಾಡಿಸುವಳು. ಸ್ನೇಹಲತಾ ರೆಡ್ಡಿಯವರು ಬಹಳ ಮಾತುಗಳಿಲ್ಲದೆ ಈ ಪಾತ್ರವನ್ನು ನಿರ್ವಹಿಸಿರುವ ರೀತಿಯು ಶ್ಲಾಘ್ಯವಾದುದು. ತುರ್ತುಪರಿಸ್ಥಿತಿಯ ಕಾಲದಲ್ಲಿ ಆಕೆಯು ಕಾರಾಗೃಹವಾಸವನ್ನು ಅನುಭವಿಸಿ, ಬಿಡುಗಡೆಯಾದ ಸ್ವಲ್ಪ ಕಾಲದಲ್ಲಿಯೇ 1977ರಲ್ಲಿ ಕಾಲವಾದುದನ್ನು ನೆನೆದರೆ ಆ ಮುಖವು ಇಂದು ಬೇರೆಯಾಗಿಯೇ ಕಾಣುವುದು.

ಈ ಚಿತ್ರವನ್ನು ಮದರಾಸಿನ ಪರಿಶೀಲನಮಂಡಲಿಯವರು ಮೊದಲು ತಡೆದಿದ್ದರು. ಕೇಂದ್ರ ಸರ್ಕಾರದ ತೀರ್ಮಾನದ ಬಳಿಕ ಅದು ಹೊರಬಂದಿತು. ನಾನು ಚಿಕ್ಕವನಾಗಿದ್ದಾಗ ನಮ್ಮ ಕಡೆಯ ಹಿರಿಯರು ಇದನ್ನು ನೋಡದೆಯೇ ನಿಂದಿಸುತ್ತಿದ್ದರು. ನಾನೂ ನೋಡದೆಯೇ ತಲೆದೂಗಿದ್ದೆನು. ನೋಡಿದ ಮೇಲೆ ತಿಳಿದುದೇನೆಂದರೆ, ಇದು ಶಾಸ್ತ್ರವನ್ನು ಹಳಿಯುವ ಚಿತ್ರವಲ್ಲ, ಶಾಸ್ತ್ರವನ್ನು ಪ್ರೀತಿಸಿದವನೊಬ್ಬನು ಅದರಿಂದ ಕೈಬಿಡಲ್ಪಟ್ಟ ಚಿತ್ರ. ಇದರ ದೋಷವೂ ಇಲ್ಲಿಯೇ ಇರುವುದು. ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯನ ಅಂತರಂಗದ ಕೋಲಾಹಲವು ವಾಚಕನಿಗೆ ನೇರವಾಗಿ ಕೇಳಿಸುವುದು. ಪರದೆಯ ಮೇಲೆ ಅದು ಕೇವಲ ನಡೆಯುವ ಮನುಷ್ಯನಾಗಿ ಉಳಿಯುವುದು. ಉತ್ತರಾರ್ಧವು ಪೂರ್ವಾರ್ಧದಷ್ಟು ಬಿಗಿಯಾಗಿಲ್ಲವೆಂದು ಹೇಳದೆ ಗತ್ಯಂತರವಿಲ್ಲ.

ಮೂರನೆಯದು 'ತಬರನ ಕಥೆ'. ಕಥೆಯು ಪೂರ್ಣಚಂದ್ರ ತೇಜಸ್ವಿಯವರದು. ಬಡ ನೌಕರನಾದ ತಬರಶೆಟ್ಟಿಯು ನಿವೃತ್ತನಾಗಿ ತನಗೆ ನ್ಯಾಯವಾಗಿ ಬರಬೇಕಾದ ಹಣಕ್ಕಾಗಿ ಮೇಜಿನಿಂದ ಮೇಜಿಗೆ ಅಲೆಯುವನು. ಇತ್ತ ಹೆಂಡತಿಯ ಕಾಲಿನ ಹುಣ್ಣು ಸಿಹಿಮೂತ್ರರೋಗದಿಂದ ಕೊಳೆಯುತ್ತ ಬರುವುದು. ತಮಿಳು ನಟರಾದ ಚಾರುಹಾಸನ್ ಅವರು ತಬರನಾಗಿ ಅಭಿನಯಿಸಿ ಆ ವರ್ಷದ ಶ್ರೇಷ್ಠನಟರೆನಿಸಿದರು. ಇಲ್ಲಿ ದುಷ್ಟನೆಂಬವನು ಒಬ್ಬನೂ ಇಲ್ಲ. ಪ್ರತಿಯೊಬ್ಬ ಗುಮಾಸ್ತನೂ ತನ್ನ ಮಟ್ಟಿಗೆ ನಿಯಮವನ್ನು ಪಾಲಿಸುವನು. ಪಾಲಿಸುತ್ತ ಪಾಲಿಸುತ್ತ ಎಲ್ಲರೂ ಸೇರಿ ಒಬ್ಬ ಹೆಂಗಸನ್ನು ಕೊಲ್ಲುವರು. ನಾನು ನಿವೃತ್ತನಾದಾಗ ನನ್ನ ಸೇವಾಪುಸ್ತಕದಲ್ಲಿ ಜನ್ಮತಾರೀಖಿನ ಒಂದು ಅಂಕೆಯು ತಪ್ಪಿತ್ತೆಂಬ ಕಾರಣದಿಂದ ಹದಿನಾಲ್ಕು ತಿಂಗಳು ಒಂದು ಕಚೇರಿಯ ಮೆಟ್ಟಿಲನ್ನು ಹತ್ತಿಳಿದೆನು. ನನಗೆ ಮಗನ ಸಂಪಾದನೆಯ ಆಸರೆಯಿದ್ದುದರಿಂದ ಅದು ಬರಿಯ ಬೇಸರವಾಯಿತು. ಆಸರೆಯಿಲ್ಲದವನಿಗೆ ಅದು ಏನಾಗುವುದೆಂಬುದನ್ನು ಈ ಚಿತ್ರವು ತೋರಿಸಿರುವುದು. ಕೊರತೆಯೆಂದರೆ, ಕಚೇರಿಯ ದೃಶ್ಯಗಳು ಕೆಲವೆಡೆ ಪುನರುಕ್ತಿಯಾಗುವುವು. ಅಲೆದಾಟವನ್ನು ತೋರಿಸಲು ನೋಡುವವನನ್ನೂ ಅಷ್ಟೇ ಅಲೆಸಬೇಕಾಗಿರಲಿಲ್ಲ.

ಎರಡನೆಯದು 'ಚೋಮನ ದುಡಿ'. ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು ನಿರ್ದೇಶಿಸಿದರು. ಕಾಡಿನಲ್ಲಿ ಸಿಕ್ಕಿದ ಎರಡು ಎತ್ತುಗಳನ್ನು ಸಾಕಿಕೊಂಡು, ತಾನೂ ಒಂದು ತುಂಡು ಭೂಮಿಯನ್ನು ಉಳಬೇಕೆಂಬ ಒಂದೇ ಆಸೆಯಲ್ಲಿ ಬದುಕುವ ಅಸ್ಪೃಶ್ಯನ ಕಥೆಯಿದು. ಸಾಲವು ಅವನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಾಫಿಯ ತೋಟಕ್ಕೆ ಸೆಳೆಯುವುದು. ಒಬ್ಬ ಮಗನು ನೀರಿನಲ್ಲಿ ಮುಳುಗುತ್ತಿರುವಾಗ ದಡದಲ್ಲಿರುವ ಮೇಲುಜಾತಿಯವರು ಮುಟ್ಟಲು ಹಿಂಜರಿಯುವರು, ಹುಡುಗನು ಹೋಗಿಬಿಡುವನು. ಎಂ. ವಿ. ವಾಸುದೇವರಾಯರ ಅಭಿನಯವನ್ನು ಕುರಿತು ಎಷ್ಟು ಹೇಳಿದರೂ ಅಲ್ಪವೇ. ಆ ವರ್ಷದ ಶ್ರೇಷ್ಠನಟನೆಂಬ ಪ್ರಶಸ್ತಿಯು ಅವರಿಗೆ ಸಂದುದು ಯುಕ್ತವಾಯಿತು. ಅವರ ಮುಖದಲ್ಲಿ ಕೋಪವೂ ದೈನ್ಯವೂ ಒಂದೇ ಗಳಿಗೆಯಲ್ಲಿ ಕಾಣುವುವು. ಇದು ನಾನು ಮೊದಲೇ ಹೇಳಿದ ಸಾತ್ತ್ವಿಕಾಭಿನಯದ ಪರಾಕಾಷ್ಠೆ.

ಆನಂದವರ್ಧನನು ಕಾವ್ಯದ ಆತ್ಮವನ್ನು ಧ್ವನಿಯೆಂದನು. ವಾಚ್ಯವಾಗಿ ಹೇಳಲಾಗದುದನ್ನು ಧ್ವನಿಯು ಹೇಳುವುದು. ಚೋಮನಿಗೆ ಒಡೆಯನ ಮುಂದೆ ವಾಚ್ಯವಾಗಿ ಹೇಳುವ ಅಧಿಕಾರವಿಲ್ಲ. ಆದುದರಿಂದ ಅವನು ದುಡಿಯನ್ನು ಬಾರಿಸುವನು. ಆ ಶಬ್ದದಲ್ಲಿ ಸಿಟ್ಟು, ಹಸಿವು, ಸತ್ತ ಮಕ್ಕಳ ನೆನಪು, ಉಳದ ಹೊಲ, ಎಲ್ಲವೂ ಇರುವುವು. ಪಾಠಶಾಲೆಯಲ್ಲಿ ಧ್ವನಿಸಿದ್ಧಾಂತವನ್ನು ಓದಿದಾಗ ನನಗೆ ಅರ್ಥವಾದುದಕ್ಕಿಂತ ಹೆಚ್ಚಾಗಿ ಆ ಚರ್ಮವಾದ್ಯದಿಂದ ಅರ್ಥವಾಯಿತೆಂದು ಒಪ್ಪಿಕೊಳ್ಳಲು ನನಗೆ ಲಜ್ಜೆಯಿಲ್ಲ.

ಇದಲ್ಲದೆ ಕಾಲದ ವಿಷಯವೊಂದುಂಟು. ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು; ಚಿತ್ರವು ಅದರ ಮರುವರ್ಷದ್ದು. ಉಳುವವನೇ ಹೊಲದೊಡೆಯನೆಂಬ ಘೋಷವು ಎಲ್ಲೆಡೆಯೂ ಕೇಳುತ್ತಿದ್ದ ಕಾಲವದು. ಆದರೆ ಚೋಮನು ಗೇಣಿದಾರನೂ ಅಲ್ಲ, ಬರಿಯ ಆಳು. ಗೇಣಿದಾರನಿಗೆ ಭೂಮಿಯನ್ನು ಕೊಡಿಸಿದ ಕಾನೂನು ಆಳಿಗೆ ಅಷ್ಟರಿಂದಲೇ ಭೂಮಿಯನ್ನು ಕೊಡಿಸಲಾರದು. ಹಳೆಯ ಕಾಲದ ಕಥೆಯೆಂದು ಸಮಾಧಾನಪಟ್ಟುಕೊಳ್ಳುವ ಪ್ರೇಕ್ಷಕನಿಗೆ ಈ ಚಿತ್ರವು ಆ ಸಮಾಧಾನವನ್ನು ಕೊಡಲಿಲ್ಲ.

ಮೊದಲನೆಯ ಸ್ಥಾನವು 'ಘಟಶ್ರಾದ್ಧ'ಕ್ಕೆ. ಇದೂ ಅನಂತಮೂರ್ತಿಯವರ ಕಥೆ. ಪುಣೆಯ ಚಲಚ್ಚಿತ್ರಶಿಕ್ಷಣವನ್ನು ಮುಗಿಸಿ ಬಂದ ತರುಣ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಕಪ್ಪುಬಿಳುಪಿನ ಛಾಯಾಗ್ರಹಣವು ಎಸ್. ರಾಮಚಂದ್ರರದು. ಬಿ. ವಿ. ಕಾರಂತರ ಸಂಗೀತಕ್ಕೂ, ನಾಣಿಯಾದ ಬಾಲಕ ಅಜಿತಕುಮಾರನ ಅಭಿನಯಕ್ಕೂ ಪ್ರತ್ಯೇಕ ಪ್ರಶಸ್ತಿಗಳು ಬಂದುವು. ಉಡುಪರ ವೇದಪಾಠಶಾಲೆಗೆ ಹೊಸದಾಗಿ ಸೇರಿದ ನಾಣಿಯನ್ನು ದೊಡ್ಡ ಹುಡುಗರು ಪೀಡಿಸುವರು. ಉಡುಪರ ಮಗಳು, ಎಳೆಯ ವಿಧವೆ ಯಮುನಕ್ಕನು, ಅವನಿಗೆ ಆಸರೆಯಾಗುವಳು. ಆಕೆಯು ಒಬ್ಬ ಮಾಸ್ತರನಿಂದ ಗರ್ಭವತಿಯಾಗುವಳು, ಮಾಸ್ತರನು ಕಣ್ಮರೆಯಾಗುವನು. ತಂದೆಯು ಬದುಕಿರುವ ಮಗಳಿಗೆ ಶ್ರಾದ್ಧವನ್ನು ಮಾಡಿ ಗಡಿಗೆಯನ್ನು ಒಡೆಯುವನು. ತಲೆಯನ್ನು ಬೋಳಿಸಲ್ಪಟ್ಟು ಮರದ ಕೆಳಗೆ ಒಂಟಿಯಾಗಿ ಕುಳಿತ ಯಮುನಕ್ಕನನ್ನು ನಾಣಿಯು ಕಂಡು, ತಂದೆಯ ಕೈಹಿಡಿದು ಎಳೆಯಲ್ಪಡುತ್ತ ದೂರವಾಗುವಲ್ಲಿಗೆ ಚಿತ್ರವು ಮುಗಿಯುವುದು. ಮೀನಾ ಕುಟ್ಟಪ್ಪನವರ ಮುಖವನ್ನು ಆಮೇಲೆ ಮರೆಯುವುದು ಶಕ್ಯವಲ್ಲ.

ಈ ಚಿತ್ರದ ಮೇಲೆ ನನ್ನದೊಂದು ಆಕ್ಷೇಪವುಂಟು. ಪಾಠಶಾಲೆಯೆಂದರೆ ಬರಿಯ ಪೀಡೆಯಲ್ಲ. ಬೆಳಗಿನ ಜಾವದಲ್ಲಿ ಇಪ್ಪತ್ತು ಕಂಠಗಳು ಒಂದೇ ಸ್ವರದಲ್ಲಿ ಸೇರುವ ಸುಖವು ಅಲ್ಲಿ ಉಂಟು. ಬಡ ಹುಡುಗನಿಗೆ ಎರಡು ಹೊತ್ತಿನ ಅನ್ನವೂ ವಿದ್ಯೆಯೂ ಅಲ್ಲಿ ದೊರಕಿರುವುವು. ನಾನೇ ಅದಕ್ಕೆ ನಿದರ್ಶನವು. ಆ ಸುಖವು ಈ ಚಿತ್ರದಲ್ಲಿ ಬಹು ಸ್ವಲ್ಪವೇ ಕಾಣುವುದು. ಅದನ್ನು ತೋರಿಸಿದ್ದರೆ ಉಡುಪರ ಪತನವು ಇನ್ನೂ ದಾರುಣವಾಗುತ್ತಿದ್ದಿತೆಂದು ನನ್ನ ಅಭಿಪ್ರಾಯ.

ಇನ್ನೊಂದು ವಿಚಾರವನ್ನು ಧರ್ಮಶಾಸ್ತ್ರದ ಕಡೆಯಿಂದ ಹೇಳಬೇಕಾಗಿರುವುದು. ಪತಿತರಾದವರಿಗೆ ಬದುಕಿರುವಾಗಲೇ ಉದಕವನ್ನು ಬಿಟ್ಟು ಗಡಿಗೆಯನ್ನು ಉರುಳಿಸುವ ವಿಧಿಯು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿರುವುದು ನಿಜ. ಆದರೆ ಅದೇ ಅಧ್ಯಾಯದಲ್ಲಿ, ಕೆಲವೇ ಶ್ಲೋಕಗಳ ಅಂತರದಲ್ಲಿ, ಪ್ರಾಯಶ್ಚಿತ್ತವಾದ ಬಳಿಕ ಬಂಧುಗಳು ಆ ವ್ಯಕ್ತಿಯೊಡನೆ ಪುಣ್ಯಜಲದಲ್ಲಿ ಮಿಂದು, ನೀರು ತುಂಬಿದ ಹೊಸ ಗಡಿಗೆಯನ್ನು ಬಿಟ್ಟು, ಮತ್ತೆ ಒಳಗೆ ಕರೆದುಕೊಳ್ಳುವ ವಿಧಿಯೂ ಇರುವುದು. ಪತಿತಳಾದ ಸ್ತ್ರೀಗೆ ಅನ್ನಪಾನವಸ್ತ್ರಗಳನ್ನು ಕೊಟ್ಟು ಮನೆಯ ಸಮೀಪದಲ್ಲಿಯೇ ಇರಗೊಡಬೇಕೆಂದೂ ಹೇಳಿರುವುದು. ಮನುವು ಸ್ತ್ರೀಯರ ವಿಷಯದಲ್ಲಿ ಮೃದುವೆಂದು ನಾನು ವಾದಿಸುವವನಲ್ಲ. ಅಷ್ಟು ಕಠಿನನಾದ ಅವನೇ ಇಟ್ಟಿದ್ದ ಎರಡನೆಯ ಗಡಿಗೆಯನ್ನು ಅಗ್ರಹಾರವು ಮರೆತು, ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿತೆಂಬುದನ್ನು ತೋರಿಸುವುದಷ್ಟೇ ನನ್ನ ಉದ್ದೇಶ. ಯಮುನಕ್ಕನಿಗೆ ಎರಡನೆಯ ಗಡಿಗೆಯು ಬರಲಿಲ್ಲ. ಮಗಳನ್ನು ಹೊರಹಾಕಿದ ಮುದುಕನು ತಾನು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗುವನೆಂಬ ಮಾತು ಮಾತ್ರ ಬಂದಿತು.

ಈಗ ನನ್ನ ಸ್ವಂತದ ವಿಷಯವೊಂದನ್ನು ಹೇಳದೆ ಮುಂದುವರಿಯಲಾರೆನು. ನಾನು ಓದಿದ ಪಾಠಶಾಲೆಯ ಪಾಕಶಾಲೆಯಲ್ಲಿ ಒಬ್ಬ ವೃದ್ಧ ವಿಧವೆಯಿದ್ದರು. ಕೆಂಪು ಸೀರೆ, ಬೋಳುತಲೆ. ನಾವೆಲ್ಲರೂ ಅವರನ್ನು ಅಜ್ಜಮ್ಮನೆಂದು ಕರೆಯುತ್ತಿದ್ದೆವು. ಜ್ವರ ಬಂದವನಿಗೆ ಗಂಜಿ, ಹಸಿದವನಿಗೆ ಹೊತ್ತುಮೀರಿದ ಮೇಲೆಯೂ ಒಂದು ಹಿಡಿ ಅವಲಕ್ಕಿ, ಇವು ಅವರಿಂದಲೇ. ಕಾವ್ಯಪರೀಕ್ಷೆಯ ದಿನ ಬೆಳಗ್ಗೆ ನಾನು ಹೊಸ್ತಿಲನ್ನು ದಾಟುವಾಗ ಅವರು ನೀರಿನ ಕೊಡವನ್ನು ಹೊತ್ತು ಎದುರಾದರು. ನಾನು ಅಪಶಕುನವೆಂದು ತಟ್ಟನೆ ಹಿಂದಿರುಗಿ, ಒಳಗೆ ಕುಳಿತು, ನೀರನ್ನು ಕುಡಿದು, ಆಮೇಲೆ ಹೊರಟೆನು. ಅವರು ನೋಡಿದರು, ಏನನ್ನೂ ಅನ್ನಲಿಲ್ಲ. ಅಂದಿನಿಂದ ಪರೀಕ್ಷೆಗಳ ದಿನಗಳಲ್ಲಿ ನಾವೆಲ್ಲರೂ ಹೊರಟುಹೋಗುವವರೆಗೆ ಅವರು ಪಾಕಶಾಲೆಯ ಬಾಗಿಲ ಮರೆಯಲ್ಲಿಯೇ ನಿಂತಿರುತ್ತಿದ್ದರು. ಪರೀಕ್ಷೆಯಲ್ಲಿ ನಾನು ಪ್ರಥಮದರ್ಜೆಯಲ್ಲಿ ತೇರ್ಗಡೆಯಾದೆನು.

ಪಾಠಶಾಲೆಯನ್ನು ಬಿಟ್ಟ ಮರುವರ್ಷ, 1980ರಲ್ಲಿ, ಒಂದು ಕಾಲೇಜಿನ ಸಭಾಂಗಣದಲ್ಲಿ ಗೋಡೆಗೆ ಬಿಳಿಯ ಬಟ್ಟೆಯನ್ನು ಕಟ್ಟಿ 'ಘಟಶ್ರಾದ್ಧ'ವನ್ನು ತೋರಿಸಿದರು. ಸುತ್ತಲಿದ್ದವರೆಲ್ಲರೂ ನಾಣಿಯೊಡನೆ ಅಳುತ್ತಿದ್ದರು. ನನಗೆ ಹಾಗೆ ಅಳುವ ಅಧಿಕಾರವಿರಲಿಲ್ಲ. ಏಕೆಂದರೆ ನಾನು ನಾಣಿಯಾಗಿರಲಿಲ್ಲ. ಆ ದೊಡ್ಡ ಹುಡುಗರ ಸಾಲಿನಲ್ಲಿದ್ದೆನು. ಕಡೆಯ ದೃಶ್ಯದ ಬೋಳುತಲೆಯು ನನಗೆ ಯಮುನಕ್ಕನದಾಗಿ ಕಾಣಲಿಲ್ಲ. ಬಾಗಿಲ ಮರೆಯಲ್ಲಿ ನಿಂತವರದಾಗಿ ಕಂಡಿತು.

ಇಲ್ಲಿಗೆ ನಾನು ಮೊದಲು ಮುಂದಕ್ಕೆ ಹಾಕಿದ ಆಕ್ಷೇಪವು ಬಂದು ನಿಲ್ಲುವುದು. ಅಭಿನವಗುಪ್ತನು ರಸಕ್ಕೆ ಏಳು ವಿಘ್ನಗಳನ್ನು ಹೇಳುವಲ್ಲಿ, ಪ್ರೇಕ್ಷಕನು ತನ್ನದೇ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದನ್ನೂ ಒಂದು ವಿಘ್ನವೆಂದು ಎಣಿಸಿರುವನು. ಹಾಗಿದ್ದರೆ ಅಂದು ನನಗಾದುದು ರಸಾನುಭವವಲ್ಲ, ಪಶ್ಚಾತ್ತಾಪ. ಪಶ್ಚಾತ್ತಾಪದಿಂದ ಮಾಡಿದ ಮೆಚ್ಚಿಕೆಗೆ ವಿಮರ್ಶೆಯಲ್ಲಿ ಬೆಲೆಯಿಲ್ಲ. ಈ ಸಂಶಯದಿಂದಲೇ ಬಹುಕಾಲ ನಾನು ಈ ಚಿತ್ರದ ವಿಷಯವಾಗಿ ಒಂದು ಸಾಲನ್ನೂ ಬರೆಯಲಿಲ್ಲ.

2024ರಲ್ಲಿ ಈ ಚಿತ್ರದ ಜೀರ್ಣೋದ್ಧಾರವಾದ ಪ್ರತಿಯನ್ನು ವೆನಿಸ್ಸಿನ ಚಲಚ್ಚಿತ್ರೋತ್ಸವದಲ್ಲಿ ತೋರಿಸಿದರೆಂಬ ಸುದ್ದಿಯನ್ನು ಓದಿ, ಮನೆಯಲ್ಲಿ ಮೊಮ್ಮಗಳ ಗಣಕಯಂತ್ರದಲ್ಲಿ ಹಳೆಯ ಪ್ರತಿಯೊಂದನ್ನೇ ಹಾಕಿಸಿಕೊಂಡು ಅವಳೊಡನೆ ಕುಳಿತು ಮತ್ತೆ ನೋಡಿದೆನು. ನಾಲ್ಕು ದಶಕಗಳಿಗೂ ಹೆಚ್ಚು ಕಾಲವು ಕಳೆದಿತ್ತು. ಈ ಸಲ ಪರದೆಯ ಮೇಲೆ ಇದ್ದವಳು ಯಮುನಕ್ಕನೇ. ಅವಳು ನಾಣಿಯನ್ನು ಹತ್ತಿರ ಕೂರಿಸಿಕೊಂಡಾಗಿನ ಹುಡುಗಾಟವನ್ನೂ, ಹುತ್ತದಲ್ಲಿ ಕೈಯಿಡುವಾಗಿನ ನಿರ್ಧಾರವನ್ನೂ, ಉಡುಪರ ಹೆದರಿದ ಕಣ್ಣುಗಳನ್ನೂ ನಾನು ಮೊದಲ ಸಲ ನೋಡಿದೆನು. 1980ರಲ್ಲಿ ಅವೊಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ದುಃಖವು ಹಿಂದೆ ಸರಿದು ಅವಳ ದುಃಖಕ್ಕೆ ಜಾಗ ಬಿಟ್ಟಿದ್ದಿತು. ವಿಘ್ನವು ಕಳೆದ ಮೇಲೆಯೂ ಚಿತ್ರವು ಕುಗ್ಗಲಿಲ್ಲ, ಹಿಗ್ಗಿತು. ಆದುದರಿಂದ ಇದನ್ನು ಮೊದಲನೆಯದೆಂದು ಹೇಳುವ ಧೈರ್ಯವು ನನಗೆ ಈಗ ಬಂದಿರುವುದು.

ಚಿತ್ರವು ಮುಗಿದ ಮೇಲೆ ಮೊಮ್ಮಗಳು, "ಅಜ್ಜ, ನಾಣಿ ದೊಡ್ಡವನಾದ ಮೇಲೆ ವಾಪಸು ಬಂದು ಅವಳನ್ನು ಹುಡುಕಿದನಾ?" ಎಂದು ಕೇಳಿದಳು. ಕಥೆಯು ಅಷ್ಟಕ್ಕೇ ನಿಲ್ಲುವುದೆಂದು ಹೇಳಿದೆನು. "ನೀನಾಗಿದ್ದರೆ?" ಎಂದಳು. ಅಜ್ಜಮ್ಮನವರು ಎಂದು ತೀರಿಕೊಂಡರೆಂಬುದನ್ನು ಕೂಡ ನಾನು ವಿಚಾರಿಸಿರಲಿಲ್ಲವಾದುದರಿಂದ ಅವಳಿಗೆ ಉತ್ತರ ಕೊಡಲಿಲ್ಲ.

ಸಂಘದ ಕಾರ್ಯನಿರ್ವಾಹಕರಲ್ಲಿ ನನ್ನದೊಂದು ಬಿನ್ನಹ. ನಮ್ಮ ಸಭಾಭವನದಲ್ಲಿ ತಿಂಗಳಿಗೊಂದರಂತೆ ಈ ಐದು ಚಿತ್ರಗಳನ್ನು ತೋರಿಸುವ ಏರ್ಪಾಡನ್ನು ಮಾಡಬೇಕು. ಹಿರಿಯರು ಮಕ್ಕಳನ್ನೂ ಕರೆತರಬೇಕು. ಚಿತ್ರವು ಮುಗಿದೊಡನೆ ದೀಪವನ್ನು ಹಾಕಿ ಭಾಷಣವನ್ನು ಆರಂಭಿಸದೆ, ಸ್ವಲ್ಪ ಹೊತ್ತು ಎಲ್ಲರನ್ನೂ ಸುಮ್ಮನೆ ಕೂರಗೊಡಬೇಕು. ನನ್ನ ಅನುಕ್ರಮದಲ್ಲಿ ದೋಷವು ಕಂಡರೆ ಸಹೃದಯರು ಮುಂದಿನ ಸಂಚಿಕೆಯಲ್ಲಿ ತಿದ್ದಬೇಕೆಂದು ಪ್ರಾರ್ಥಿಸುವೆನು.